ಮನೆ ಡಾಕ್ಟರಿಗೆ ವರ್ಷದ ಚಂದಾ: ಯಾರಿಗೆ ಬೇಕು, ಯಾರಿಗೆ ಬೇಡ

ಪ್ರಶ್ನೆ: ಮುಲುಂಡಿನಲ್ಲಿ ನಾನು, ಗಂಡ, ಅತ್ತೆ, ಮಾವ ಇದ್ದೇವೆ. ಇಪ್ಪತ್ತು ವರ್ಷಕ್ಕೂ ಮೇಲಿಂದ ನಮ್ಮ ಊರ ಕಡೆಯವರೇ ಆದ ಒಬ್ಬ ಡಾಕ್ಟರು ನಮ್ಮೆಲ್ಲರನ್ನೂ ನೋಡುತ್ತಿದ್ದಾರೆ. ಏಪ್ರಿಲ್ 1ರಿಂದ ಸದಸ್ಯರಾದವರನ್ನು ಮಾತ್ರ ನಾನು ನೋಡುತ್ತೇನೆ, ಉಳಿದವರನ್ನು ಕ್ಲಿನಿಕ್ಕಿಗೆ ಹೊಸದಾಗಿ ಬಂದಿರುವ ಕಿರಿಯ ವೈದ್ಯೆ ನೋಡುತ್ತಾರೆ ಎಂದು ತಿಳಿಸಿದ್ದಾರೆ. ವರ್ಷಕ್ಕೆ ಒಬ್ಬರಿಗೆ 24,000, ದಂಪತಿಗೆ 40,000, ನಾಲ್ವರಿಗೆ 60,000 ರೂಪಾಯಿ. ಮಾವನಿಗೆ 79. ಸಕ್ಕರೆ ಕಾಯಿಲೆ, ಬಿಪಿ, 2019ರಲ್ಲಿ ಹಾಕಿದ ಸ್ಟೆಂಟ್, ಮೂತ್ರಪಿಂಡದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6, ಜೊತೆಗೆ ಮೊಣಕಾಲು ನೋವು. ಹೋದ ವರ್ಷ 16 ಸಲ ಕ್ಲಿನಿಕ್ಕಿಗೆ ಕರೆದೊಯ್ದೆವು, ಸಲಕ್ಕೆ 400 ರೂಪಾಯಿ. ಮೂರು ಸಲ ಡಾಕ್ಟರೇ ಮನೆಗೆ ಬಂದರು, ಸಲಕ್ಕೆ 1,500. ಅತ್ತೆಗೆ 74, ಥೈರಾಯ್ಡ್ ಬಿಟ್ಟರೆ ಗಟ್ಟಿಯಾಗಿದ್ದಾರೆ, ಆದರೆ ಮೈಯ ಕಷ್ಟವನ್ನು ಕನ್ನಡದಲ್ಲಲ್ಲದೆ ಹೇಳಿಕೊಳ್ಳಲು ಬಾರದು. ಗಂಡ "ಇದು ವ್ಯಾಪಾರ, ಬೇರೆ ಡಾಕ್ಟರನ್ನು ಹುಡುಕು" ಎನ್ನುತ್ತಾರೆ. ಮಾವ "ಅವರನ್ನು ಬಿಟ್ಟರೆ ನಾನು ಉಳಿಯಲ್ಲ" ಎನ್ನುತ್ತಾರೆ. ಅತ್ತೆ ಗುಟ್ಟಾಗಿ ನನ್ನ ಹತ್ತಿರ, ಬಳೆ ಮಾರಿಯಾದರೂ ಕಟ್ಟೋಣ ಎಂದಿದ್ದಾರೆ. ಗಂಡನ ಆಫೀಸಿನ ವಿಮೆಯಲ್ಲಿ ಅತ್ತೆ ಮಾವ ಇಲ್ಲ. ನಾನು ಯಾರ ಮಾತು ಕೇಳಲಿ?
– ಸೊಸೆ, ಮುಲುಂಡ್

ಉತ್ತರ: ಬಳೆ ಮಾರಬೇಡಿ. ನಾಲ್ವರನ್ನೂ ಸೇರಿಸಬೇಡಿ. ಮಾವನೊಬ್ಬರನ್ನು ಸದಸ್ಯರನ್ನಾಗಿ ಮಾಡಿ, ಅದೂ ಡಾಕ್ಟರ ಜೊತೆ ಕೂತು ಕೆಲವು ವಿಷಯ ಬರವಣಿಗೆಯಲ್ಲಿ ಪಡೆದ ಮೇಲೆ, ಮೂರು ತಿಂಗಳಿಗೊಂದು ಕಂತಿನಂತೆ. ಹೀಗೆ ಏಕೆ ಹೇಳುತ್ತಿದ್ದೇವೆ ಎಂಬುದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದಲ್ಲ. ಆದರೆ ಡಾಕ್ಟರ ಲೆಕ್ಕವನ್ನೂ ನೋಡಬೇಕು. ಮುಂಬಯಿಯಲ್ಲಿ ಕ್ಲಿನಿಕ್ಕಿನ ಬಾಡಿಗೆ, ಕಂಪೌಂಡರ ಸಂಬಳ, ಕರೆಂಟು ಎಲ್ಲವೂ ಏರುತ್ತವೆ. ಒಂದು ಭೇಟಿಯ ಫೀಸನ್ನು ಆ ವೇಗದಲ್ಲಿ ಏರಿಸಿದರೆ ಪೇಷಂಟುಗಳು ನಿಲ್ಲುವುದಿಲ್ಲ. ಖರ್ಚು ಸರಿದೂಗಬೇಕಾದರೆ ಒಬ್ಬೊಬ್ಬರಿಗೆ ಐದೈದು ನಿಮಿಷ ಕೊಟ್ಟು ದಿನಕ್ಕೆ ಐವತ್ತು ಜನರನ್ನು ನೋಡಬೇಕು. ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಬರುವ ರಿಪೋರ್ಟು ಓದುವುದಕ್ಕೆ, "ಮಾವ ಎರಡು ಮಾತ್ರೆ ನುಂಗಿಬಿಟ್ಟರು" ಎಂಬ ಫೋನಿಗೆ ಉತ್ತರ ಹೇಳುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಅಮೆರಿಕದಲ್ಲಿ ಈ ಪದ್ಧತಿ 1996ರಲ್ಲಿ ಸಿಯಾಟಲ್ ನಗರದಲ್ಲಿ ಶುರುವಾದಾಗಲೂ ಇದೇ ಗುಟ್ಟು: ಪೇಷಂಟುಗಳ ಸಂಖ್ಯೆಯನ್ನು ಸಾವಿರಗಳಿಂದ ನೂರುಗಳಿಗೆ ಇಳಿಸಿ, ಉಳಿದವರಿಗೆ ಹೆಚ್ಚು ಸಮಯ ಕೊಡುವುದು. ಅಂದರೆ ನೀವು ಕೊಡುವ ಹಣ ಡಾಕ್ಟರ ಸಮಯಕ್ಕೆ. ಅದು ವಿಮೆಯಲ್ಲ. ಆಸ್ಪತ್ರೆ ಸೇರಿದರೆ ಅದರಿಂದ ಒಂದು ರೂಪಾಯಿಯೂ ಬಾರದು; ಔಷಧಿ, ರಕ್ತಪರೀಕ್ಷೆ, ತಜ್ಞರ ಫೀಸು ಎಲ್ಲ ಬೇರೆ.

ಇನ್ನು ನಿಮ್ಮ ಅಂಕಿಗಳಿಗೆ ಬರೋಣ. ಮಾವನಿಗೆ ಹೋದ ವರ್ಷ 6,400 ಮತ್ತು 4,500, ಒಟ್ಟು 10,900 ರೂಪಾಯಿ ಖರ್ಚಾಗಿದೆ. ಸದಸ್ಯತ್ವದಿಂದ 13,100 ಹೆಚ್ಚಾಗುತ್ತದೆ, ತಿಂಗಳಿಗೆ ಸುಮಾರು 1,100. ಅತ್ತೆಯವರನ್ನೂ ಸೇರಿಸಿದರೆ ಇನ್ನೂ 16,000 ಕೊಡಬೇಕು. ಥೈರಾಯ್ಡ್ ಮಾತ್ರೆಯ ಪ್ರಮಾಣ ಒಂದೇ ಸಮ ಇರುವವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಟಿಎಸ್‌ಎಚ್ ಪರೀಕ್ಷೆ, ನಡುವೆ ಒಂದೆರಡು ಭೇಟಿ ಸಾಕು. ನಿಮಗೂ ಯಜಮಾನರಿಗೂ ಇನ್ನೊಂದು 20,000. ನೀವಿಬ್ಬರೂ ಜ್ವರ ನೆಗಡಿಗೆ ಹೋಗುವವರು. ಆ ಕಿರಿಯ ವೈದ್ಯೆ ಧಾರಾಳ ಸಾಕು.

ಹಾಗಾದರೆ ಮಾವನಿಗೆ ಆ 1,100 ಏಕೆ ತೆರಬೇಕು? ಅವರ ಕಾಯಿಲೆಗಳ ಪಟ್ಟಿಯೇ ಕಾರಣ. ಒಂದೊಂದಾಗಿ ನೋಡಿದರೆ ಯಾವ ಡಾಕ್ಟರೂ ನೋಡಬಲ್ಲ ಕಾಯಿಲೆಗಳೇ. ಅಪಾಯವಿರುವುದು ಅವು ಒಂದನ್ನೊಂದು ಮುಟ್ಟುವ ಕಡೆ. ಮೊಣಕಾಲು ನೋವಿಗೆ ಗೊತ್ತಿಲ್ಲದ ಡಾಕ್ಟರೊಬ್ಬರು, ಅಥವಾ ಮೆಡಿಕಲ್ ಅಂಗಡಿಯವರೇ, ಡೈಕ್ಲೋಫಿನ್ಯಾಕ್ ಅಥವಾ ಐಬುಪ್ರೊಫೆನ್ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಬಿಪಿಗೆ ಟೆಲ್ಮಿಸಾರ್ಟನ್ ಥರದ ಮಾತ್ರೆ, ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ ಮೊದಲೇ ನಡೆಯುತ್ತಿದ್ದರೆ, ಈ ಮೂರೂ ಸೇರಿ ಕೆಲವೇ ದಿನಗಳಲ್ಲಿ ಮೂತ್ರಪಿಂಡವನ್ನು ಕೆಡಿಸಬಲ್ಲವು, ಕ್ರಿಯಾಟಿನಿನ್ 1.6 ಇರುವ 79ರ ವಯಸ್ಸಿನವರಿಗಂತೂ ಹೆಚ್ಚು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದ ದಿನ ಈ ಅಪಾಯ ಇನ್ನೂ ಜಾಸ್ತಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಮಿತಿ ಇದೆ: ಮೂತ್ರಪಿಂಡದ ಶಕ್ತಿ ಹೇಳುವ ಇಜಿಎಫ್‌ಆರ್ ಅಂಕಿ 45ರ ಕೆಳಗೆ ಬಂದರೆ ಪ್ರಮಾಣ ತಗ್ಗಿಸಬೇಕು, 30ರ ಕೆಳಗಾದರೆ ನಿಲ್ಲಿಸಬೇಕು. ನಿಮ್ಮ ಮಾವ ಆ 45ರ ಗೆರೆಯ ಆಸುಪಾಸಿನಲ್ಲೇ ಇರುವ ಸಾಧ್ಯತೆ ಹೆಚ್ಚು.

ಇನ್ನೊಂದು, ನಮ್ಮ ಮನೆಗಳಲ್ಲಿ ಯಾರೂ ಡಾಕ್ಟರಿಗೆ ಹೇಳದ ವಿಷಯ: ಏಕಾದಶಿ. ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆ ನುಂಗಿ ಉಪವಾಸ ಮಾಡಿದರೆ ಮಧ್ಯಾಹ್ನಕ್ಕೆ ಸಕ್ಕರೆ ಇಳಿದುಬಿಡುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಅದು ಗಂಟೆಗಟ್ಟಲೆ ಮತ್ತೆ ಮತ್ತೆ ಇಳಿಯುತ್ತದೆ. ಹಿರಿಯರಲ್ಲಿ ಇದು ಬೆವರು, ನಡುಕವಾಗಿಯೇ ಕಾಣಬೇಕೆಂದಿಲ್ಲ. ಮಂಕು, ತಡವರಿಸುವ ಮಾತು, ಬಿದ್ದುಬಿಡುವುದು, ಹೀಗೂ ಬರುತ್ತದೆ. ಯಾವ ದಿನ ಯಾವ ಮಾತ್ರೆ ಬಿಡಬೇಕು ಎಂದು ಇಪ್ಪತ್ತು ವರ್ಷ ನಿಮ್ಮ ಮನೆಯ ಊಟ ಉಪವಾಸ ಗೊತ್ತಿರುವ ಡಾಕ್ಟರು ಎರಡು ನಿಮಿಷದ ಫೋನಿನಲ್ಲಿ ಹೇಳುತ್ತಾರೆ. ಹೊಸಬರು ಅದನ್ನು ಕಲಿಯುವಷ್ಟರಲ್ಲಿ ಒಂದು ಅನಾಹುತ ನಡೆದಿರಬಹುದು. ನೀವು ತೆರುವುದು ಈ ಪರಿಚಯಕ್ಕೆ.

ದುಡ್ಡು ಕಟ್ಟುವ ಮೊದಲು ಡಾಕ್ಟರ ಹತ್ತಿರ ಸಮಯ ಕೇಳಿಕೊಂಡು, ಜನಜಂಗುಳಿ ಇಲ್ಲದ ಹೊತ್ತಿನಲ್ಲಿ ಹೋಗಿ. ಸಂಕೋಚ ಬೇಡ. ಫೀಸು ಮೊದಲೇ ತಿಳಿಸಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಮೊದಲ ಪ್ರಶ್ನೆ ರಾತ್ರಿಯದು: ಒಂಬತ್ತರ ನಂತರ ಫೋನ್ ಮಾಡಿದರೆ ಎತ್ತುವವರು ಅವರೇನಾ, ಸಹಾಯಕರಾ? ಮೇ ತಿಂಗಳಲ್ಲಿ ಊರಿಗೆ ಹೋದರೆ ಅವರ ಜಾಗದಲ್ಲಿ ಯಾರು, ಆ ಡಾಕ್ಟರಿಗೆ ಮಾವನ ಫೈಲು ಸಿಗುತ್ತದೆಯೇ? 24,000ದಲ್ಲಿ ಎಷ್ಟು ಮನೆಭೇಟಿ ಸೇರಿದೆ, ಇಸಿಜಿ ಸೇರಿದೆಯೇ? ಒಟ್ಟು ಎಷ್ಟು ಜನ ಸದಸ್ಯರಿಗೆ ಮಿತಿ? ಇದು ಬಹಳ ಮುಖ್ಯ. ಮಿತಿಯೇ ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಮತ್ತೆ ಐದು ನಿಮಿಷದ ಸರದಿಗೇ ಬರುತ್ತೀರಿ, ಫೀಸು ಮಾತ್ರ ಹೊಸದು. ಆಸ್ಪತ್ರೆಗೆ ಸೇರಿಸಿದಾಗ ಬಂದು ನೋಡುತ್ತಾರೆಯೇ ಎಂದೂ ಕೇಳಿ. ಮನೆ ಡಾಕ್ಟರಿಗೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರ್ಧರಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಅಲ್ಲಿನ ತಜ್ಞರಿಗೆ ಫೋನ್ ಮಾಡಿ ಔಷಧಿಗಳ ಪಟ್ಟಿ ಒಪ್ಪಿಸಿದರೆ ಅದೇ ದೊಡ್ಡ ಉಪಕಾರ. ಕೊನೆಯದು ಕೇಳಲು ಕಷ್ಟ, ಆದರೂ ಕೇಳಿ: ವರ್ಷದ ನಡುವೆ ಮಾವನಿಗೆ ಏನಾದರೂ ಆದರೆ, ಅಥವಾ ಅವರನ್ನು ಊರಿಗೆ ಕರೆದೊಯ್ದರೆ, ಉಳಿದ ತಿಂಗಳ ಹಣ ವಾಪಸ್ಸು ಬರುತ್ತದೆಯೇ? ಇದನ್ನು ತಪ್ಪಿಸಲೆಂದೇ ಮೂರು ತಿಂಗಳಿಗೆ 6,000ದ ಕಂತು ಕೇಳಿ ಎಂದದ್ದು. ಕೊಟ್ಟದ್ದಕ್ಕೆ ರಶೀದಿ ಇರಲಿ, ಹಣ ಯುಪಿಐ ಅಥವಾ ಚೆಕ್‌ನಲ್ಲಿ ಹೋಗಲಿ.

ಫೋನಿನಲ್ಲಿ ಸಲಹೆ ಕೊಡುವುದಕ್ಕೂ 2020ರ ಮಾರ್ಚ್‌ನಿಂದ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಇದೆ. ಔಷಧಿ ಬದಲಾಯಿಸಿದರೆ ಬಾಯಿಮಾತಿನಲ್ಲಿ ಬಿಡದೆ, ನೋಂದಣಿ ಸಂಖ್ಯೆ ಇರುವ ಚೀಟಿಯ ಫೋಟೊವನ್ನಾದರೂ ಕಳಿಸಲು ಹೇಳಿ. ರಕ್ತಪರೀಕ್ಷೆ ಇಂಥ ಲ್ಯಾಬಿನಲ್ಲೇ ಆಗಬೇಕೆಂಬ ಒತ್ತಾಯ ಇರಬಾರದು. ಪೇಷಂಟನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದು ಅದೇ 2002ರ ನಿಯಮಗಳ ಪ್ರಕಾರ ತಪ್ಪು.

ಅತ್ತೆಯವರ ವಿಷಯ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿದೆ, ಆದರೆ ಮನೆಯಲ್ಲಿ ನೋವಾಗುವುದು ಅಲ್ಲೇ. ಮಾವನಿಗೆ ಒಳ್ಳೆ ಡಾಕ್ಟರು, ತನಗೆ ಬೇರೆ ಡಾಕ್ಟರು ಎಂದರೆ ಅವರು ಬಾಯಿಬಿಟ್ಟು ಏನೂ ಹೇಳಲಿಕ್ಕಿಲ್ಲ, ಆಮೇಲೆ ಕಾಯಿಲೆಯನ್ನೂ ಹೇಳದೆ ಸುಮ್ಮನಾಗುತ್ತಾರೆ. ಆದ್ದರಿಂದ ಡಾಕ್ಟರನ್ನೇ ನೇರವಾಗಿ ಕೇಳಿ: "ಮಾವ ಸದಸ್ಯರಾಗುತ್ತಾರೆ. ಅತ್ತೆಯವರನ್ನು ವರ್ಷಕ್ಕೆ ಎರಡು ಸಲ, ಭೇಟಿಯ ಫೀಸು ತೆಗೆದುಕೊಂಡು ನೋಡುತ್ತೀರಾ?" ಒಂದೇ ಮನೆಯವರಿಗೆ ಇಷ್ಟು ಮಾಡಲು ಒಪ್ಪಬಹುದು. ಒಪ್ಪದಿದ್ದರೆ ಕಿರಿಯ ವೈದ್ಯೆಯ ಹತ್ತಿರ ಮೊದಲ ಸಲ ನೀವೇ ಜೊತೆಗೆ ಹೋಗಿ. ಹಿಂದಿನ ರಾತ್ರಿ ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ಯಾವಾಗಿನಿಂದ, ಎಲ್ಲಿ, ಯಾವ ಹೊತ್ತಿಗೆ ಎಂದು ಬರೆದುಕೊಂಡು, ಅಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಓದಿ ಹೇಳಿ. ಮೂತ್ರದ ತೊಂದರೆ, ಗರ್ಭಕೋಶ ಜಾರಿದ್ದು, ಎದೆಯಲ್ಲಿ ಗಂಟು, ಇಂಥವನ್ನು ಹೆಂಗಸರು ಗಂಡಸು ಡಾಕ್ಟರಿಗೆ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ವೈದ್ಯೆಯೊಬ್ಬರು ಸಿಗುವುದು ಅತ್ತೆಗೆ ನಷ್ಟವೇ ಆಗಬೇಕೆಂದಿಲ್ಲ.

ಸದಸ್ಯತ್ವ ತೆಗೆದುಕೊಳ್ಳಿ, ಬಿಡಿ, ಈ ತಿಂಗಳೇ ನಾಲ್ವರ ದಾಖಲೆಗಳನ್ನೂ ಕೈಗೆ ತೆಗೆದುಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ, ಹಿಡಿದ ಕೇಸನ್ನು ಮುನ್ಸೂಚನೆ ಕೊಡದೆ ಕೈಬಿಡಬಾರದೆಂದೂ ಅವೇ ನಿಯಮಗಳು ಹೇಳುತ್ತವೆ. ಮಾವನಿಗೆ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ: ಕಾಯಿಲೆಗಳು ಮತ್ತು ಶುರುವಾದ ವರ್ಷ, ಸ್ಟೆಂಟ್ ಹಾಕಿದ ರಕ್ತನಾಳ, ಪ್ರತಿ ಮಾತ್ರೆಯ ಮೂಲ ಹೆಸರು, ಮಿಲಿಗ್ರಾಂ ಮತ್ತು ಹೊತ್ತು, ಒಗ್ಗದ ಔಷಧಿಗಳು, ಹಿಂದಿನ ಎರಡು ವರ್ಷದ ಕ್ರಿಯಾಟಿನಿನ್ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕೊನೆಯ ಇಸಿಜಿ ಮತ್ತು ಹೃದಯದ ಸ್ಕ್ಯಾನ್ ಆದ ಎಕೊ, ಹಾಕಿಸಿದ ಲಸಿಕೆಗಳು. ಮೂಲ ಹೆಸರು ಏಕೆಂದರೆ, ಡಾಕ್ಟರು ಬದಲಾದಾಗ ಹೆಚ್ಚಾಗಿ ನಡೆಯುವ ತಪ್ಪು ಒಂದೇ ಔಷಧಿ ಎರಡು ಬ್ರಾಂಡಿನ ಹೆಸರಲ್ಲಿ ಮನೆಗೆ ಬರುವುದು. ಎರಡನ್ನೂ ನುಂಗಿ ಬಿಪಿ ಕುಸಿದು ಬಚ್ಚಲಲ್ಲಿ ಬಿದ್ದವರಿದ್ದಾರೆ. ಇನ್ನೊಂದು ತಪ್ಪು ಹಲ್ಲು ಕೀಳಿಸುವಾಗಲೋ ಕಣ್ಣಿನ ಆಪರೇಷನ್ನಿಗೋ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ನಿಲ್ಲಿಸುವುದು. ಸ್ಟೆಂಟ್ ಇರುವವರಿಗೆ ಅದನ್ನು ಹೃದಯ ತಜ್ಞರನ್ನು ಕೇಳದೆ ಯಾರೂ ನಿಲ್ಲಿಸಬಾರದು ಎಂದು ಆ ಪುಟದ ಮೇಲೆ ಕೆಂಪಕ್ಷರದಲ್ಲಿ ಇರಲಿ.

ಸದಸ್ಯರಾದ ಮೇಲೆ ಬರುವ ದೊಡ್ಡ ಅಪಾಯ ಒಂದಿದೆ, ಡಾಕ್ಟರ ನಂಬರು ಕೈಯಲ್ಲಿದೆ ಎಂಬ ಭರವಸೆಯಲ್ಲಿ ಅವರು ಫೋನೆತ್ತುವವರೆಗೆ ಕಾಯುವುದು. ಎದೆ ಹಿಂಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಣ್ಣನೆ ಬೆವರಿದರೆ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಏದುಸಿರು ಬಂದರೂ, ಮೊದಲು 108ಕ್ಕೆ ಫೋನ್, ಆಮೇಲೆ ಡಾಕ್ಟರಿಗೆ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ಯಾವ ಆಸ್ಪತ್ರೆ ಎಂದು ಇವತ್ತೇ ನಿರ್ಧರಿಸಿ ಗೋಡೆಗೆ ಅಂಟಿಸಿ. ಗ್ಲೂಕೋಮೀಟರಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಬಳೆಗಿಂತ ಹೆಚ್ಚು ಕೆಲಸಕ್ಕೆ ಬರುವುದು ಬೇರೆ ಇದೆ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯ ವಯ ವಂದನ ಕಾರ್ಡು ಸಿಗುತ್ತದೆ. ಮನೆಯ ಹಿರಿಯರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಸೇರಿದಾಗಿನ ಖರ್ಚು. ಆಧಾರ್ ಇದ್ದರೆ ಆಯುಷ್ಮಾನ್ ಆ್ಯಪಿನಲ್ಲೇ ಮಾಡಿಸಬಹುದು. ಕ್ಲಿನಿಕ್ ಭೇಟಿಗೆ ಅದು ನಡೆಯುವುದಿಲ್ಲ, ಎಲ್ಲ ಆಸ್ಪತ್ರೆಯಲ್ಲೂ ನಡೆಯುವುದಿಲ್ಲ. ಗೋಡೆಯ ಮೇಲೆ ಹೆಸರು ಬರೆಯುವ ಮೊದಲು ಆ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು ಕೇಳಿಕೊಳ್ಳಿ. ನಿಮ್ಮ ಯಜಮಾನರ ಸಿಟ್ಟಿಗೆ ಈ ಕೆಲಸ ಒಪ್ಪಿಸಿ. ಅಪ್ಪ ಅಮ್ಮನಿಗೆ ವಿಮೆ ಇಲ್ಲವೆಂಬ ಚಿಂತೆಯೂ ಆ ಸಿಟ್ಟಿನ ಒಳಗಿರಬಹುದು.

ಮೊದಲ ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ದಿನ ಫೋನ್ ಮಾಡಿದಿರಿ, ಎಷ್ಟು ಹೊತ್ತಿಗೆ ಉತ್ತರ ಬಂತು, ಮನೆಗೆ ಬಂದದ್ದು ಎಷ್ಟು ಸಲ, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿದರೇ, ವರ್ಷಕ್ಕೊಮ್ಮೆ ಆಗಬೇಕಾದ ಕಣ್ಣಿನ ರೆಟಿನಾ, ಪಾದ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ನೆನಪಿಸಿದರೇ. ಜೂನ್ ಕೊನೆಯ ವಾರ ನೀವಿಬ್ಬರೂ ಆ ಪುಸ್ತಕ ತೆರೆದು ಕೂರಿ. ಕೇಳಿದಾಗ ಡಾಕ್ಟರು ಸಿಕ್ಕಿದ್ದರೆ ಎರಡನೇ ಕಂತು ಕಟ್ಟಿ. ಹೆಚ್ಚಿನ ಫೋನಿಗೆ ಸಹಾಯಕರೇ ಉತ್ತರಿಸಿದ್ದರೆ ಒಂದು ಪುಟದ ಸಾರಾಂಶ ಹಿಡಿದು ಹತ್ತಿರದ ಎಂಡಿ ಫಿಜಿಷಿಯನ್ ಒಬ್ಬರ ಹತ್ತಿರ ಮಾವನನ್ನು ಕರೆದೊಯ್ಯಿರಿ.