ಹೆಡ್‌ಲೈಟ್ ವೈರ್ ಕಾಯುತ್ತಿದ್ದರೆ ಫ್ಯೂಸ್ ದೊಡ್ಡದು ಮಾಡಬೇಡಿ

ಅಣ್ಣಾ, ಮೊದಲು ಆ 30 ಆಂಪ್ ಫ್ಯೂಸ್ ಕಿತ್ತು 15 ಹಾಕಿ, ಆಮೇಲೆ ಓದಿ. ಹೆಡ್‌ಲೈಟ್ ಹಾಕಿದರೆ ಸ್ಟೀರಿಂಗ್ ಕೆಳಗೆ ವೈರ್ ಕಾಯುತ್ತೆ, ಫ್ಯೂಸ್ ಹೋಗುತ್ತೆ, ಅದಕ್ಕೆ ದೊಡ್ಡದು ಹಾಕಿದೆ ಅಂತೀರಲ್ಲ, ಫ್ಯೂಸ್ ಇರೋದು ವೈರ್ ಉಳಿಸೋಕೆ ಮಾರಾಯ್ರೇ!

ನಾನೂ ಇದನ್ನೇ ಮಾಡಿದವನು. 98ರ ಮಾರುತಿ 800, ಯಾರದೋ ಮಾತು ಕೇಳಿ 100/90 ಬಲ್ಬ್ (ಹೈಬೀಮ್ 100 ವ್ಯಾಟ್, ಲೋಬೀಮ್ 90). ಎರಡೂ ಹೈಬೀಮ್ ಸೇರಿ ಹತ್ತಿರಹತ್ತಿರ 16 ಆಂಪ್, ಅಷ್ಟೂ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಮೂಲಕವೇ. 15ರ ಫ್ಯೂಸ್ ಹೋಗ್ತಿತ್ತು, 30 ಹಾಕಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ ಮಂಜು, ಜೊತೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಎರಡು ತಿರುವು ಆದಮೇಲೆ ಲೈಟೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಕರಗಿ ಮುದ್ದೆ, ಫ್ಯೂಸ್ ಮಾತ್ರ ಗಟ್ಟಿಯಾಗಿದೆ.

ಬರೀ ದಪ್ಪ ವೈರ್ ಎಳೆದರೆ ಸಾಲದು. ವೈರ್ ಉದ್ದಕ್ಕೂ ಕಾಯುತ್ತಾ, ಕಪ್ಲರ್ ಹತ್ತಿರ ಒಂದು ಗೇಣು ಮಾತ್ರವಾ, ಕೈಯಿಟ್ಟು ನೋಡಿ. ಉದ್ದಕ್ಕೂ ಆದರೆ ಲೋಡ್ ಜಾಸ್ತಿ. ಒಂದೇ ಕಡೆ ಆದರೆ ಪಿನ್ ಸಡಿಲ ಅಥವಾ ಕಿಲುಬು. ಲೈಟ್ ಆಫ್ ಮಾಡಿ ಮಲ್ಟಿಮೀಟರಿನಲ್ಲಿ ಓಮ್ (ರೆಸಿಸ್ಟೆನ್ಸ್) ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತೆ, ಮೋಸ ಹೋಗಬೇಡಿ. ಹೈಬೀಮ್ ಉರೀತಿರುವಾಗಲೇ ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಲರಿನ ಈಚೆಗೊಂದು ಆಚೆಗೊಂದು ಪ್ರೋಬ್ ಚುಚ್ಚಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಹೊಸ ಕಪ್ಲರ್ ಹಾಕಿದ ಎರಡೇ ತಿಂಗಳಿಗೆ ನನ್ನದರಲ್ಲಿ 1.4 ಬಂತು. 16 ಆಂಪಿಗೆ ಲೆಕ್ಕ ಹಾಕಿ, 22 ವ್ಯಾಟ್. ಕಪ್ಲರ್ ಒಳಗೆ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ! ಹಾಗೇ ಬಲ್ಬಿನ ಅರ್ತ್‌ನಿಂದ (ಕರೆಂಟ್ ವಾಪಸ್ ಹೋಗುವ ಮೈನಸ್ ಕಡೆ) ಬ್ಯಾಟರಿ ಮೈನಸ್‌ಗೂ ನೋಡಿ, ಅರ್ಧ ಜನ ಅದನ್ನು ಮರೀತಾರೆ.

ಕೊನೆಗೆ ಮಾಡಿದ್ದು: ವಾಪಸ್ 60/55 (ಫಿಲಿಪ್ಸ್ ಸಾಕು, ಎದುರಿನವರ ಕಣ್ಣೂ ಉಳಿಯುತ್ತೆ), ಬ್ಯಾಟರಿಯಿಂದ ನೇರ 2.5 ಸ್ಕ್ವೇರ್ ಎಂಎಂ ಆಟೋ ವೈರ್, ಹೈಗೊಂದು ಲೋಗೊಂದು ಬಾಷ್ ರಿಲೇ. ರಿಲೇ ಇದ್ದರೆ ಸ್ವಿಚ್‌ನಲ್ಲಿ ಸಣ್ಣ ಕರೆಂಟ್ ಸಾಕು, ಬಲ್ಬಿನ ದೊಡ್ಡ ಕರೆಂಟ್ ರಿಲೇ ಮೂಲಕ ಹೋಗುತ್ತೆ. ಹೊಸ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಮನೆ ವೈರಿಂಗ್‌ನ ತುಂಡು ಹಾಕಬೇಡಿ, ಎಂಜಿನ್ ಶಾಖಕ್ಕೆ ಬಿರುಸಾಗಿ ಸೀಳುತ್ತೆ. ತಿರುಚಿ ಟೇಪ್ ಸುತ್ತುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ, ಟರ್ಮಿನಲ್ ಒತ್ತಿ ಕ್ರಿಂಪ್ ಮಾಡಿ ಸ್ಲೀವ್ ಹಾಕಬೇಕು. ಒಂದು ಮಾತು, ಕೆಲವು ಗಾಡಿಯಲ್ಲಿ ಸ್ವಿಚ್ ಪ್ಲಸ್ ಬದಲು ಅರ್ತ್ ಕಡೆ ಕತ್ತರಿಸುತ್ತೆ. ನಿಮ್ಮದು ಯಾವುದು ನೋಡಿಕೊಳ್ಳದೆ ರೆಡಿ ರಿಲೇ ಕಿಟ್ ಸಿಕ್ಕಿಸಬೇಡಿ. ಕೆಲಸಕ್ಕೆ ಮುಂಚೆ ಮೈನಸ್ ಟರ್ಮಿನಲ್ ಬಿಚ್ಚಿ.

ಹಾಂ, ಸ್ಟಾರ್ಟ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಅದು ಬೇರೆ ಕಥೆ. ಎಂಜಿನ್‌ನಿಂದ ಗಾಡಿಯ ಲೋಹದ ಮೈಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದು ಹೋಗಿರುತ್ತೆ, ಸ್ಟಾರ್ಟರ್ ಕರೆಂಟ್ ಕ್ಲಚ್ ಕೇಬಲ್ ಮೇಲೇ ವಾಪಸ್ ಬರ್ತಿದೆ. ಕೇಬಲ್ ಬದಲಿಸಿ ದುಡ್ಡು ಹಾಳು ಮಾಡಬೇಡಿ. ಪಟ್ಟಿ ಬಿಚ್ಚಿ, ಬೋಲ್ಟ್ ಜಾಗ ಉಜ್ಜುಕಾಗದದಲ್ಲಿ ತಿಕ್ಕಿ, ಬಿಗಿಮಾಡಿ ಮೇಲೆ ಗ್ರೀಸ್ ಸವರಿ.