ಸಿಗರೇಟ್ ಬಿಡಬೇಕು, ಕಾರವಾರದಲ್ಲಿ ಜೊತೆಗೆ ನಿಲ್ಲುವವರು ಎಲ್ಲಿ ಸಿಗುತ್ತಾರೆ?

ಮೊದಲು, ಈಗಾಗಲೇ ಬಿಟ್ಟವರೊಬ್ಬರನ್ನು ಹುಡುಕಿ. ಬಂದರಿನಲ್ಲೋ, ಬಸ್ ಡಿಪೋದಲ್ಲೋ, ನಿಮ್ಮ ಆಫೀಸಿನಲ್ಲೋ ಅಂಥವರು ಇದ್ದೇ ಇರುತ್ತಾರೆ. ‘ಸೇದಬೇಕು ಅನ್ನಿಸಿದಾಗ ಫೋನ್ ಮಾಡ್ತೇನೆ, ಎತ್ತಿ’ ಎಂದು ಅವರಿಗೆ ಮೊದಲೇ ಹೇಳಿಡಿ. ಆ ಚಡಪಡಿಕೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಮಾತಾಡುತ್ತಾ ಟಾಗೋರ್ ಕಡಲತೀರದಲ್ಲಿ ಸುಮ್ನೆ ನಡೆದರೂ ದಾಟಿಹೋಗುತ್ತದೆ. ಮೊದಲ ವಾರ ಕಷ್ಟ ಜಾಸ್ತಿ, ಆಗ ದಿನವೂ ಮಾತಾಡಿ.

ಚಹಾ ಅಂಗಡಿಯ ಗೆಳೆಯರಿಗೂ ತಿಳಿಸಿ. ಅವರು ‘ಒಂದು ದಮ್ ಹೊಡಿ’ ಅನ್ನದಿದ್ದರೆ ಅದೇ ದೊಡ್ಡ ಸಹಾಯ ಅಲ್ವಾ?

ಯಾರೂ ಸಿಗದಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಪೂರ್ತಿ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ. ಆದರೂ ತಡೆಯಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ವೈದ್ಯರಲ್ಲಿ ನಿಕೋಟಿನ್ ಗಮ್ (ಸೇದುವ ಚಡಪಡಿಕೆ ತಗ್ಗಿಸಲು ಅಗಿಯುವ ಗಮ್) ಬಗ್ಗೆ ಕೇಳಿ.