ಮೂರು ಅಂಕವೂ ಬೇಡ, ಸಂಕೇತಗಳ ಪಟ್ಟಿಯೂ ಬೇಡ

ಸಿನಿಮಾ ವಿಶ್ಲೇಷಣೆ ಕಲಿಯಲು ಮೊದಲು ಮೂರು ಅಂಕಗಳ ಚೌಕಟ್ಟು (ಕಥೆಯನ್ನು ಶುರು, ನಡು, ಕೊನೆ ಅಂತ ಮೂರು ಭಾಗ ಮಾಡಿ ನೋಡುವುದು) ಓದಬೇಕಾ, ಇಲ್ಲಾ ಮತ್ತೆ ಮತ್ತೆ ಬರುವ ಸಂಕೇತಗಳನ್ನು ಪಟ್ಟಿ ಮಾಡಬೇಕಾ ಅಂತ ಕೇಳಿದ್ದೀರಿ. ಪಟ್ಟಿ ಮಾಡಿ ಕೈಸುಟ್ಟುಕೊಂಡವನು ನಾನು.

ಶಿವಮೊಗ್ಗದಲ್ಲಿ ಎಂ.ಎ. ಓದುವಾಗ ಕಿರುಪ್ರಬಂಧಕ್ಕೆ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ಆರಿಸಿಕೊಂಡೆ. ಸಾಗರದ ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ಅಣೆಕಟ್ಟಿನ ನೀರು ಏರುತ್ತಾ ಬರುತ್ತದೆ. ಊರವರು ಜಾಗ ಬಿಟ್ಟು ಹೋಗುತ್ತಾರೆ. ಗಣಪ, ಅವನ ಹೆಂಡತಿ ನಾಗಿ, ಅಪ್ಪ ದುಗ್ಗಜ್ಜ ಉಳಿಯುತ್ತಾರೆ. ನಾನು ಮಳೆ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದೆ. ನೀರಿಗೊಂದು ಕಾಲಂ, ದೋಣಿಗೊಂದು ಕಾಲಂ, ಕೊನೆಯದರಲ್ಲಿ ಅರ್ಥ. ಮಳೆ ಅಂದ್ರೆ ದುಃಖ. ನೀರು ಅಂದ್ರೆ ಕಾಲ. ದೋಣಿ ಅಂದ್ರೆ ಹೊರಜಗತ್ತು. ಏನು ಹೆಮ್ಮೆ ಅಂತೀರಿ!

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಇಷ್ಟೇ: “ಮೊದಲ ಮಳೆಗೂ ಕೊನೇ ಮಳೆಗೂ ಅರ್ಥ ಒಂದೇ ಆದ್ರೆ, ಕೊನೇದನ್ನ ಯಾಕಪ್ಪಾ ತೆಗೀಬೇಕಿತ್ತು?” ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಪ್ರಬಂಧ ವಾಪಸ್ ಬಂತು. ಅದನ್ನೇ ನಂಬಿಕೊಂಡಿದ್ದ ಪಿಎಚ್.ಡಿ. ಸೀಟೂ ಹೋಯಿತು.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಿಗೆ ಹಾಕುವಾಗಲೇ ನಾನು ಮಳೆಯನ್ನು ಕಥೆಯಿಂದ ಕಿತ್ತುಬಿಟ್ಟಿದ್ದೆ. ಅದು ಯಾವ ದೃಶ್ಯದ ಬೆನ್ನಿಗೆ ಬಂತು? ಆಗ ಮನೆಯಲ್ಲಿ ಯಾರಿದ್ದರು? ಮಳೆ ನಿಂತ ಮೇಲೆ ಏನು ಬದಲಾಯಿತು? ಇದಕ್ಕೆಲ್ಲ ಕಾಲಮ್ಮೇ ಇರಲಿಲ್ಲ. ಈಗ ನೋಡಿ. ಶುರುವಿನಲ್ಲಿ ನೀರು ಬರೀ ಸುದ್ದಿ. ಊರು ಬಿಡಬೇಕಂತೆ, ಪರಿಹಾರ ಕೊಡ್ತಾರಂತೆ ಅನ್ನುವ ಮಾತು. ಆಮೇಲೆ ನಾಗಿಯ ಪರಿಚಯದ ಕೃಷ್ಣ ಬರುತ್ತಾನೆ. ಅದೇ ಮಳೆ ಈಗ ಎಲ್ಲರನ್ನೂ ಒಂದೇ ಸೂರಿನಡಿ ಕೂಡಿಹಾಕುತ್ತದೆ, ಗಣಪನ ಅನುಮಾನ ಅಲ್ಲೇ ಬೆಳೆಯುತ್ತದೆ. ಕೊನೆಗೆ ಮಳೆಯ ಎದುರು ನಿಂತು ಒದ್ದಾಡುವವಳು ನಾಗಿ. ಗಂಡ ಮಾತ್ರ ಉಳಿದದ್ದನ್ನೆಲ್ಲ ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಆ ಮಾತು ನಮಗೆ ಅಷ್ಟು ಚುಚ್ಚುವುದು ಅಷ್ಟು ಹೊತ್ತು ಮಳೆ ನೋಡಿದ್ದಕ್ಕೇ. ನಾನೋ, ‘ದುಃಖ’ ಅಂತ ಒಂದು ಪದ ಬರೆದು ಮುಂದಕ್ಕೆ ಹೋಗಿದ್ದೆ.

ಆಮೇಲೊಮ್ಮೆ ನಮ್ಮ ದೊಡ್ಡತ್ತೆಗೆ ಅದೇ ಸಿನಿಮಾ ಹಾಕಿಕೊಟ್ಟೆ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ತೋಟ ಕಳೆದುಕೊಂಡು ಬಂದ ಮನೆಯವರು. ನಡುವೆ ಮೋಡ ಕಂಡು ಎದ್ದು, ಅಂಗಳದ ಅಡಿಕೆ ಒಳಗೆ ಹಾಕಿ ಬಂದರು. ಕೂತವರೇ, “ಈಗ ನೀರು ಎಲ್ಲಿಗ್ ಬಂತು ಮಾರಾಯ?” ನಾಗಿ ಏನಾದಳು, ಗಣಪ ಏನಂದ ಅಂತ ಕೇಳಲಿಲ್ಲ. ಆ ಸಿನಿಮಾದ ಕಟ್ಟು ಪೂರ್ತಿ ಆ ಪ್ರಶ್ನೆಯ ಮೇಲೇ ನಿಂತಿದೆ, ಅಲ್ವಾ?

ಇನ್ನು ಮೂರು ಅಂಕದ ವಿಚಾರ. ಅದನ್ನು ಹಿಡಿದುಕೊಂಡು ‘ಘಟಶ್ರಾದ್ಧ’ (1977) ನೋಡಿದರೆ ತಿರುವು ಎಷ್ಟನೇ ನಿಮಿಷಕ್ಕೆ ಬಂತು ಅಂತ ಗಡಿಯಾರ ನೋಡುತ್ತಾ ಕೂರುತ್ತೀರಿ. ಅನಂತಮೂರ್ತಿಯವರ ಆ ಕಥೆ ನಡೆಯುವುದು ವೇದಪಾಠಕ್ಕೆ ಬಂದ ಹುಡುಗ ನಾಣಿಯ ಕಣ್ಣಲ್ಲಿ. ವಿಧವೆ ಯಮುನಕ್ಕ ಬಸುರಿಯಾಗಿದ್ದಾಳೆ, ಅವನಿಗೆ ಅರ್ಧ ಅರ್ಥವಾಗುವುದಿಲ್ಲ. ಹಾಗಾಗಿ ಅವನಿಗೆ ಯಾವಾಗ ಏನು ಗೊತ್ತಾಯಿತು ಅನ್ನುವುದನ್ನು ಬರೆದುಕೊಳ್ಳಿ, ಕಥೆಯ ಕಟ್ಟು ಸಿಗುತ್ತದೆ. ಬದುಕಿರುವವರಿಗೇ ಗಡಿಗೆ ಒಡೆದು ಶ್ರಾದ್ಧ ಮಾಡುವುದು ಘಟಶ್ರಾದ್ಧ. ಮುಂದೇನು ಅಂತ ಹೆಸರೇ ಹೇಳಿಬಿಟ್ಟಿದೆ. ನಮಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಹೊಟ್ಟೆ ಕಿವುಚುವುದು ಅಲ್ಲೇ.

ಕಲಾತ್ಮಕ ಸಿನಿಮಾದಿಂದಲೇ ಶುರು ಮಾಡಬೇಕು ಅಂತೇನಿಲ್ಲ. ನನ್ನ ಕೇಳಿದರೆ ‘ಮುಂಗಾರು ಮಳೆ’ (2006) ಹಾಕಿಕೊಳ್ಳಿ. ಮಳೆ ಬಿಡಿ, ಅದನ್ನು ಎಲ್ಲರೂ ಬರೆದಾಗಿದೆ. ದೇವದಾಸ ಅನ್ನುವ ಮೊಲ ಇದೆಯಲ್ಲ, ಅದರ ಜಾಡು ಹಿಡಿಯಿರಿ. ಮೊದಲು ಬರೀ ತಮಾಷೆ, ಕೊನೆಗೆ ಅಳಿಸುವುದೂ ಅದೇ. ಮೊಲ ಬಂದಾಗಲೆಲ್ಲ ಹಿಂದಿನ ದೃಶ್ಯ, ಮುಂದಿನ ದೃಶ್ಯ ಎರಡನ್ನೂ ಬರೆಯಿರಿ. ಅರ್ಥದ ಕಾಲಂ ಖಾಲಿ ಇರಲಿ.

ಕೋರ್ಸಿಗೆ ದುಡ್ಡು ಕಟ್ಟುವುದು ಇದಾದ ಮೇಲೆ. ನೀವು ತೀರ್ಥಹಳ್ಳಿ ಕಡೆಯವರು ಅಂದಿದ್ದೀರಿ. ಹಾಗಾದರೆ ‘ದ್ವೀಪ’ವನ್ನು ಬೇಸಿಗೆಗೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಕರೆಂಟ್ ನಂಬಿ ಸಿನಿಮಾ ಹಾಕುವ ಹಾಗಿಲ್ಲ.